ಇಪ್ಪತ್ನಾಲ್ಕು ಮರ, ಒಂದು ಗೆರೆ

ಶೆಟ್ಟಿಕೆರೆಯಿಂದ ಇನ್ನೂ ಒಳಕ್ಕೆ ಹೋಗುವ ಬಸ್ಸಿನಿಂದ ಆ ಊರಿನಲ್ಲಿ ಇಳಿದವನು ಅವತ್ತು ನಾನೊಬ್ಬನೇ. ಕೈಯಲ್ಲಿ ನಕ್ಷೆಯ ಸುರುಳಿ, ಹೆಗಲಲ್ಲಿ ಚೀಲ, ಚೀಲದೊಳಗೆ ಜಿಪಿಎಸ್ ಯಂತ್ರ. ಶಾಲೆಯ ಜಗಲಿಯ ಮೇಲೆ ಕೂತಿದ್ದ ನಾಲ್ಕೈದು ಜನ ನನ್ನನ್ನು ಕಂಡು ಮಾತು ನಿಲ್ಲಿಸಿದರು. ಅವರ ಹಿಂದಿನ ಗೋಡೆಗೆ ಕೆರೆ ಒತ್ತುವರಿ ಪಟ್ಟಿ ಅಂಟಿಸಿತ್ತು. ಅದನ್ನು ಪಟ್ಟಿ ಅನ್ನುವುದಕ್ಕೂ ನಾಚಿಕೆಯಾಗಬೇಕು, ಅದರಲ್ಲಿದ್ದದ್ದು ಒಂದೇ ಹೆಸರು. ಗಂಡ ತೀರಿಕೊಂಡ ಮೇಲೆ ಒಬ್ಬರೇ ತೋಟ ನೋಡಿಕೊಂಡಿದ್ದ ಒಬ್ಬ ಹೆಂಗಸಿನ ಹೆಸರು. ಅವರ ಇಪ್ಪತ್ನಾಲ್ಕು ತೆಂಗಿನ ಮರಗಳು ಕೆರೆಯ ಅಂಗಳದೊಳಗಿವೆ, ಹೂಳೆತ್ತುವ ಕೆಲಸ ಶುರುವಾಗುವ ಮೊದಲು ಕಡಿಯತಕ್ಕದ್ದು ಎಂದು ಒಕ್ಕಣೆ. ಆ ಮರಗಳು ಬಿಟ್ಟರೆ ಆಕೆಗೆ ಬೇರೆ ಹುಟ್ಟುವಳಿ ಇರಲಿಲ್ಲ. ಅವನ್ನು ಕೆರೆಯೊಳಗೆ ಹಾಕಿದ ಗೆರೆ ಎಳೆದವನು ನಾನು.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕೆರೆಗಳನ್ನು ಸರಿಪಡಿಸುವ ಯೋಜನೆಯೊಂದರ ನಕ್ಷೆ ಕೆಲಸ ನಮ್ಮ ಪುಟ್ಟ ಕಚೇರಿಗೆ ಗುತ್ತಿಗೆಗೆ ಬಂದಿತ್ತು. ಕಚೇರಿ ಎಂದರೆ ತಿಪಟೂರಿನಲ್ಲಿ ಒಂದು ಮಹಡಿಯ ಮೇಲಿನ ಕೋಣೆ, ಎರಡು ಕಂಪ್ಯೂಟರು, ಕರೆಂಟು ಹೋದ ತಕ್ಷಣ ಕೂಗಿಕೊಳ್ಳುವ ಒಂದು ಯುಪಿಎಸ್. ಹಳೆಯ ಗ್ರಾಮನಕ್ಷೆಯನ್ನು ಸ್ಕ್ಯಾನ್ ಮಾಡಿ, ಭೂಮಿಯ ಮೇಲಿನ ನಿಜವಾದ ಜಾಗಕ್ಕೆ ಕೂರಿಸಿ, ಪ್ರತಿ ಕೆರೆಯ ಸುತ್ತ ಒಂದು ಗೆರೆ ಎಳೆದು ಕೊಡಬೇಕು. ಗೆರೆ ಶುರುವಾದಲ್ಲಿಗೇ ಬಂದು ಸೇರಬೇಕು, ಒಂದು ಕೂದಲೆಳೆ ಬಿಟ್ಟರೂ ಸಾಫ್ಟ್‌ವೇರು ಒಪ್ಪುವುದಿಲ್ಲ. ಸೇರಿದ ಮೇಲೆ ಒಳಗಿನದೆಲ್ಲ ಕೆರೆ, ಹೊರಗಿನದೆಲ್ಲ ಅಲ್ಲ. ಆ ಅಚ್ಚುಕಟ್ಟು ನನಗೆ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ.

ನನ್ನ ಸ್ವಭಾವ ಮೊದಲೇ ಹೇಳಿಬಿಡುವುದು ಒಳ್ಳೆಯದು. ನನಗೆ ಎಲ್ಲರ ಮೇಲೂ ಅನುಮಾನ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಸ್ವಂತ ಅಣ್ಣ ತಂದುಕೊಟ್ಟ ಉಂಡೆ ಕೊಬ್ಬರಿಯನ್ನೂ ನಮ್ಮಪ್ಪ ಕಿವಿಯ ಹತ್ತಿರ ಅಲ್ಲಾಡಿಸಿ ನೋಡದೆ ಒಳಗಿಟ್ಟವರಲ್ಲ. ಜನ ಕಲ್ಲು ಕಿತ್ತು ಬೇರೆ ಕಡೆ ನೆಡುತ್ತಾರೆ, ಬೇಲಿಯನ್ನು ವರ್ಷಕ್ಕೊಂದು ಮೊಳ ಮುಂದಕ್ಕೆ ಹಾಕುತ್ತಾರೆ, ಕೇಳಿದರೆ ದೇವರಾಣೆ ಮಾಡುತ್ತಾರೆ ಎಂಬುದು ನನ್ನ ಲೆಕ್ಕ. ಈ ಕೆಲಸದಲ್ಲಿ ಆ ಲೆಕ್ಕ ಹತ್ತರಲ್ಲಿ ಏಳು ಸಲ ಸರಿಯೂ ಆಗುತ್ತಿತ್ತು.

ಈ ಕೆರೆಯ ನಕ್ಷೆ ಕೂರಿಸುವುದಕ್ಕೆ ನಾನು ನಾಲ್ಕು ಗುರುತು ಹಿಡಿದಿದ್ದೆ. ನಕ್ಷೆಯಲ್ಲೂ ಇರಬೇಕು, ನೆಲದ ಮೇಲೂ ಸಿಗಬೇಕು, ಅಂಥವು. ಒಂದು, ಕೆರೆಯ ನೀರು ಹೆಚ್ಚಾದಾಗ ಹೊರಗೆ ಹರಿಯುವ ಕೋಡಿಯ ಮೂಲೆ. ಎರಡು, ಊರಬಾವಿ. ಮೂರು, ಮೂರು ಗ್ರಾಮಗಳ ಎಲ್ಲೆ ಕೂಡುವ ಕಡೆಯ ಬಾಂದುಕಲ್ಲು. ನಾಲ್ಕು, ರಸ್ತೆಯ ತಿರುವು. ನಾಲ್ಕರ ಹತ್ತಿರವೂ ಜಿಪಿಎಸ್ ಹಿಡಿದು ಹತ್ತು ಹತ್ತು ನಿಮಿಷ ನಿಂತು ರೀಡಿಂಗ್ ಬರೆದುಕೊಂಡಿದ್ದೆ. ಕಂಪ್ಯೂಟರಿಗೆ ಹಾಕಿದರೆ ಒಂದಕ್ಕೊಂದು ಹೊಂದಲಿಲ್ಲ. ಎಲ್ಲೋ ಒಂದು ಗುರುತು ತಪ್ಪು ಎಂದು ಅದು ಹೇಳುತ್ತದೆ, ಯಾವುದು ಎಂದು ಹೇಳುವುದಿಲ್ಲ.

ನಾನು ಬಾಂದುಕಲ್ಲನ್ನು ಲೆಕ್ಕದಿಂದ ತೆಗೆದುಹಾಕಿದೆ. ಕಲ್ಲನ್ನಾದರೆ ಯಾರಾದರೂ ಕದಲಿಸುತ್ತಾರೆ, ರಸ್ತೆಯನ್ನು ಯಾರು ಕದಲಿಸುತ್ತಾರೆ ಎಂದುಕೊಂಡೆ. ಮೂರು ಗುರುತು ಉಳಿದ ಮೇಲೆ ತಪ್ಪು ಸೊನ್ನೆ ಎಂದು ತೋರಿಸಿತು. ಮೂರೇ ಗುರುತಿದ್ದರೆ ಅದು ಯಾವಾಗಲೂ ಸೊನ್ನೆಯೇ ತೋರಿಸುತ್ತದೆ, ಹೋಲಿಸಿ ನೋಡಲು ನಾಲ್ಕನೆಯದು ಇರುವುದಿಲ್ಲವಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸೊನ್ನೆ ನೋಡಿ ಸಮಾಧಾನಪಟ್ಟು, ಗೆರೆ ಎಳೆದು, ಯೋಜನೆಯ ಇಂಜಿನಿಯರರಿಗೆ ಕಳಿಸಿಬಿಟ್ಟೆ. ಅವರು ಅದರ ಮೇಲೆ ಪಟ್ಟಿ ತಯಾರಿಸಿ ಊರಿಗೆ ಕಳಿಸಿದರು.

ಪಟ್ಟಿ ಅಂಟಿಸಿದ ಮೇಲೆ ಊರಿನಲ್ಲಿ ಎದ್ದ ಮಾತೇ ಬೇರೆ. ಕೆರೆ ಸಂಘದ ಅಧ್ಯಕ್ಷರ ತೋಟವೂ ಕೆರೆಯ ಪಕ್ಕದಲ್ಲೇ, ಕೋಡಿಯ ಕಡೆ ಇತ್ತು. ಗೆರೆ ಅದನ್ನು ಮುಟ್ಟಿರಲಿಲ್ಲ. ಅಧ್ಯಕ್ಷರು ನಕ್ಷೆಯವನಿಗೆ ಕೊಡುವುದು ಕೊಟ್ಟು ತಮ್ಮ ತೋಟ ಉಳಿಸಿಕೊಂಡು ವಿಧವೆಯ ತೋಟ ಹಿಡಿಸಿದ್ದಾರೆ ಎಂದು ಎಲ್ಲರ ಬಾಯಲ್ಲೂ. ಆ ತಕರಾರು ಇಂಜಿನಿಯರರ ಕಿವಿಗೂ ಬಿದ್ದು, ಅವರು ನನ್ನನ್ನು ಮತ್ತೊಮ್ಮೆ ಹೋಗಿ ನೋಡಿ ಬಾ ಎಂದು ಕಳಿಸಿದ್ದರು. ನನಗೆ ಅಧ್ಯಕ್ಷರು ಒಂದು ಲೋಟ ಕಾಫಿಯನ್ನೂ ಕೊಟ್ಟಿರಲಿಲ್ಲ. ಆದರೂ ನನಗೂ ಅವರ ಮೇಲೆ ಗುಮಾನಿ ಇತ್ತು. ಆ ಬಾಂದುಕಲ್ಲನ್ನು ಕದಲಿಸಿದವರು ಇವರೇ ಇರಬೇಕು ಅಂತ. ಹೀಗೆ ಊರಿನವರು ನನ್ನನ್ನು ಕಳ್ಳ ಎಂದುಕೊಂಡಿದ್ದರು, ನಾನು ಅಧ್ಯಕ್ಷರನ್ನು ಕಳ್ಳ ಎಂದುಕೊಂಡು ಬಸ್ಸಿಳಿದಿದ್ದೆ.

ಮೊದಲು ತೋಟಕ್ಕೇ ಹೋದೆ. ಕೆರೆಯ ಕಡೆಯಿಂದ ಒಳಕ್ಕೆ ನಾಲ್ಕು ಸಾಲು, ಸಾಲಿಗೆ ಆರು ಮರ. ಯಜಮಾನಿ ಒಣಗಿದ ಗರಿ ಎಳೆದು ಒಟ್ಟುತ್ತಿದ್ದರು. ಐವತ್ತು ದಾಟಿದ ಗಟ್ಟಿ ಹೆಂಗಸು. ನನ್ನ ಕೈಯಲ್ಲಿದ್ದ ಯಂತ್ರವನ್ನು ಒಂದು ಸಲ, ನನ್ನ ಮುಖವನ್ನು ಒಂದು ಸಲ ನೋಡಿದರು.

"ಯಾರ ಕಡೆಯೋರು ನೀವು?" ಎಂದರು.

ಯಾರ ಕಡೆಯೂ ಅಲ್ಲ, ಅಳೆಯುವುದಕ್ಕೆ ಬಂದವನು ಎಂದೆ. "ಅಳ್ಯೋರೆಲ್ಲ ಯಾರ್ದೋ ಒಬ್ರ ಕಡೆಯೋರೇ ಕಣ್ರೀ" ಎಂದು ಮತ್ತೆ ಗರಿ ಎಳೆಯಲು ಹೋದರು. ತೋಟ ಕೆರೆಯೊಳಗಿದೆಯೋ ಹೊರಗಿದೆಯೋ ನೀವೇ ಹೇಳಿ ಎಂದು ಕೇಳಿದ್ದಕ್ಕೆ, ಒಳಗೂ ಅಲ್ಲ ಹೊರಗೂ ಅಲ್ಲ, ಕೆರೆ ಸೆರಗಿನಲ್ಲಿದೆ ಎಂದರು. ಜಾರಿಕೊಳ್ಳುವ ಮಾತು ಎಂದು ನಾನು ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ.

ಅಲ್ಲಿಂದ ಬಾಂದುಕಲ್ಲಿಗೆ ಹೋದೆ. ತಾಲ್ಲೂಕು ಕಚೇರಿಯಿಂದ ಹಳೆಯ ಸರ್ವೆಯ ಟಿಪ್ಪಣಿಯ ನಕಲು ತಂದಿದ್ದೆ. ಕಲ್ಲಿನಿಂದ ಕಲ್ಲಿಗೆ ಎಷ್ಟು ದೂರ ಎಂದು ಅದರಲ್ಲಿ ಬರೆದಿರುತ್ತದೆ. ಅಧ್ಯಕ್ಷರ ಕಳ್ಳತನ ಹಿಡಿದೇಬಿಡುತ್ತೇನೆ ಎಂಬ ಹುರುಪಿನಲ್ಲಿ ಟೇಪು ಹಿಡಿದು ಪಕ್ಕದ ಎರಡು ಕಲ್ಲುಗಳಿಂದ ಅಳೆದೆ. ಲಂಟಾನದ ಪೊದೆ ಸವರಿಕೊಂಡು ಅಳೆಯುವಷ್ಟರಲ್ಲಿ ಅರ್ಧ ದಿನ ಹೋಯಿತು. ಎರಡು ಕಡೆಯಿಂದಲೂ ಅಳತೆ ಒಂದು ಗೇಣಿನ ಒಳಗೆ ಸರಿ ಬಂತು. ಕಲ್ಲು ಕದಲಿರಲಿಲ್ಲ.

ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಕಲ್ಲು ಸರಿ ಎಂದರೆ ಉಳಿದ ಮೂರರಲ್ಲಿ ಒಂದು ತಪ್ಪು. ಬಾವಿ ಅಲುಗಾಡುವುದಿಲ್ಲ, ಕೋಡಿಯ ಮೂಲೆಯೂ ಹಳೆಯ ಕಲ್ಲುಕಟ್ಟಡ. ರಸ್ತೆಯ ತಿರುವಿಗೆ ಬಂದು ನಿಂತೆ. ಹಿಂದಿನ ಸಲ ನಿಂತ ಜಾಗವೇ. ಒಬ್ಬ ಮುದುಕ ಮೇಕೆ ಮೇಯಿಸಿಕೊಂಡು ನನ್ನನ್ನೇ ನೋಡುತ್ತಿದ್ದ. ಅವನು ಈ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ಕೆಲಸ ತಲೆತಲಾಂತರದಿಂದ ಅವನ ಮನೆಯದು. ನಕ್ಷೆ ಬಿಡಿಸಿ, ಈ ತಿರುವು ನೋಡಿದ್ದೀಯಾ ಎಂದು ತೋರಿಸಿದೆ.

"ರಸ್ತೆ ಇದಲ್ಲ ಸಾಮಿ" ಎಂದ. "ಡಾಂಬ್ರು ಹಾಕೋವಾಗ ನೆಟ್ಟಗೆ ಮಾಡುದ್ರು. ಹಳೇ ರಸ್ತೆ ಅಗೋ, ಆ ಹುಣಸೇ ಮರಗಳ ಬುಡದಲ್ಲಿತ್ತು."

ದೂರದ ರಾಗಿಹೊಲದ ನಡುವೆ ಐದಾರು ಮುದಿ ಹುಣಸೆಮರ ಸಾಲಾಗಿ ನಿಂತಿದ್ದವು. ಹೊಲದ ನಡುವೆ ಹಾಗೆ ಸಾಲಾಗಿ ಯಾರೂ ಹುಣಸೆ ನೆಡುವುದಿಲ್ಲ, ಅದು ರಸ್ತೆಬದಿಯ ಸಾಲುಮರ. ಹಿಂದಿನ ಸಲವೂ ಅವು ಅಲ್ಲೇ ಇದ್ದವು, ನನಗೆ ಕಣ್ಣಿರಲಿಲ್ಲ. ತಿರುವಿಗೂ ಆ ಮರಗಳಿಗೂ ನಡುವೆ ಟೇಪು ಹಿಡಿದರೆ ಮೂವತ್ತು ಮೀಟರಿಗೆ ಮೇಲೆ ಬಂತು. ನಕ್ಷೆಯನ್ನು ನಾನು ಹೊಸ ರಸ್ತೆಯ ಕಡೆಗೆ ಅಷ್ಟು ಎಳೆದಿದ್ದೆ. ಅಧ್ಯಕ್ಷರ ತೋಟ ಕೋಡಿಯ ಹತ್ತಿರ, ಸರಿಯಾದ ಗುರುತಿನ ಪಕ್ಕದಲ್ಲಿದ್ದದ್ದರಿಂದ ಅಲ್ಲಿ ಗೆರೆ ಹೆಚ್ಚು ಕದಲಿರಲಿಲ್ಲ. ರಸ್ತೆಯ ಕಡೆಯಿದ್ದ ಇಪ್ಪತ್ನಾಲ್ಕು ಮರ ಒಟ್ಟಿಗೆ ಕೆರೆಯೊಳಗೆ ಬಿದ್ದಿದ್ದವು. ಲಂಚ ಇಲ್ಲ, ಮೋಸ ಇಲ್ಲ, ನನ್ನ ಅನುಮಾನವೊಂದೇ ಅಷ್ಟು ಕೆಲಸ ಮಾಡಿತ್ತು.

ಬಸ್ಸಿನಲ್ಲಿ ಕೂತು ಇದನ್ನು ಯಾರಿಗೂ ಹೇಳಬಾರದು ಎಂದು ತೀರ್ಮಾನಿಸಿದೆ. ಗುತ್ತಿಗೆಯಲ್ಲಿ ಇನ್ನೂ ಎಷ್ಟೋ ಕೆರೆಗಳಿದ್ದವು. ಸದ್ದಿಲ್ಲದೆ ಸರಿಮಾಡಿ ತಿದ್ದಿದ ನಕ್ಷೆ ಎಂದು ಕಳಿಸಿದರೆ ಮುಗಿಯಿತು, ಊರಿನವರು ಅಧ್ಯಕ್ಷರ ಮೇಲೆ ಅನುಮಾನಪಟ್ಟರೆ ಪಡಲಿ ಎಂದುಕೊಂಡೆ. ಇದನ್ನು ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಬಾಂದುಕಲ್ಲು ಸೇರಿಸಿ, ತಿರುವು ಬಿಟ್ಟು ಮತ್ತೆ ಕೂರಿಸಿದೆ. ತಪ್ಪಾದದ್ದು ಮತ್ತೆ ಆಗಬಾರದು ಎಂದು ಬರುವ ಮೊದಲು ಅಳೆದುಕೊಂಡಿದ್ದ ತೂಬಿನ ಕಂಬವನ್ನೂ ನಾಲ್ಕನೆಯ ಗುರುತಾಗಿ ಹಿಡಿದೆ. ಈ ಸಲ ಗೆರೆ ಮೊದಲ ಸಾಲಿನ ಮರಗಳ ಬುಡಕ್ಕೆ ತಾಗಿಕೊಂಡು ಕೆರೆಯ ಕಡೆಯಿಂದ ಹಾದಿತ್ತು. ಇಪ್ಪತ್ನಾಲ್ಕೂ ಬಚಾವು. ಆದರೆ ತಾಗಿಕೊಂಡು ಎಂಬ ಮಾತೇ ಸರಿಯಲ್ಲ. ಆ ಹಳೆಯ ನಕ್ಷೆ ಮೈಲಿಗೆ ಎಂಟು ಇಂಚಿನದು. ಅದರಲ್ಲಿ ಕೆರೆಯಂಚಿನ ಗೆರೆ ಅರ್ಧ ಮಿಲಿಮೀಟರು ದಪ್ಪ, ನೆಲದ ಮೇಲೆ ಅದು ನಾಲ್ಕು ಮೀಟರು. ಒಂದು ಮರದಿಂದ ಇನ್ನೊಂದು ಮರಕ್ಕಿರುವ ದೂರದ ಹತ್ತಿರ ಹತ್ತಿರ ಅರ್ಧದಷ್ಟು ಜಾಗವನ್ನು ಗೆರೆಯೇ ನುಂಗುತ್ತಿತ್ತು. ಉಪಗ್ರಹದ ಚಿತ್ರ ನೋಡಿದರೆ ಅಲ್ಲಿ ಬರೀ ತೆಂಗಿನ ತಲೆ. ಗರಿಗಳ ಕೆಳಗೆ ನೀರಿತ್ತೋ ನೆಲವಿತ್ತೋ ದೇವರೇ ಬಲ್ಲ.

ತಿದ್ದಿದ ನಕ್ಷೆಯನ್ನು ನೆಲದ ಮೇಲೆ ಒಮ್ಮೆ ಪರೀಕ್ಷಿಸಲು ಹೋದಾಗ ನೀರುಗಂಟಿ ಮತ್ತೆ ಸಿಕ್ಕಿದ. ಗೆರೆ ಎಲ್ಲಿ ಹಾಯುತ್ತದೆ ಎಂದು ನಡೆದು ತೋರಿಸಿದೆ. ಅವನು ಮೊದಲ ಸಾಲಿನ ಮರವೊಂದಕ್ಕೆ ಕೈ ಆನಿಸಿ ನಿಂತು, ಇದೂ ಸುಳ್ಳೇ ಎಂದ. ಕೆರೆ ತುಂಬಿದ ವರ್ಷ ನೀರು ಈ ಸಾಲನ್ನು ದಾಟಿ ಒಳಗೆ ಹೋಗುತ್ತದೆ, ತಾನು ಕಣ್ಣಾರೆ ಕಂಡಿದ್ದೇನೆ ಎಂದ. ನನಗೆ ತಲೆ ಕೆಟ್ಟಿತು. ನಿನಗೆ ಹೇಗೆ ಅಷ್ಟು ಖಚಿತ ಎಂದು ಕೇಳಿದೆ.

"ನಾನೇ ಕಾಯಿ ಎತ್ಕಂಡು ಹೋಗಿವ್ನಲ್ಲ ಸಾಮಿ" ಎಂದ.

ಆಮೇಲೆ ವಿಷಯ ಬಿಡಿಸಿ ಹೇಳಿದ. ಆ ಕೆರೆಯಲ್ಲಿ ಹಳೆಯದೊಂದು ರೂಢಿ. ದಡದ ತೋಟಗಳಲ್ಲಿ ಬಲಿತು ಉದುರಿದ ಕಾಯಿ ನೆಲಕ್ಕೆ ಬಿದ್ದರೆ ತೋಟದವರದು, ನೀರಿಗೆ ಬಿದ್ದರೆ ನೀರುಗಂಟಿಯದು. ನೀರು ಕಾಯುವವನಿಗೆ ಅದೊಂದು ಹಕ್ಕು. ಹಾಗಾಗಿ ಯಾವ ವರ್ಷ ಯಾವ ಮರದ ಬುಡದಲ್ಲಿ ನೀರು ನಿಂತಿತ್ತು ಎಂಬುದು ಅವನಿಗೆ ಬಾಯಿಪಾಠ.

ನನ್ನ ಅನುಮಾನ ತಕ್ಷಣ ಎದ್ದು ಕೂತಿತು. ಇವನಿಗೆ ಕಾಯಿ ಬೇಕು, ಅದಕ್ಕೇ ನೀರು ಬರುತ್ತದೆ ಎನ್ನುತ್ತಾನೆ ಎಂದುಕೊಂಡೆ. ಆದರೆ ನೀರು ಬರುತ್ತದೆ ಎಂದು ನಕ್ಷೆಯಲ್ಲಿ ಬಂದರೆ ಮರವನ್ನೇ ಕಡಿಯುತ್ತಾರೆ, ಆಗ ಕಾಯಿಯೂ ಇಲ್ಲ. ಹಾಗಾದರೆ ಇವನಿಗೆ ಏನು ಲಾಭ? ಅಧ್ಯಕ್ಷರು ಹೇಳಿಕೊಟ್ಟರೋ? ಅವರಿಗಾದರೂ ಇದರಿಂದ ಏನು? ತಲೆ ಬಿಸಿಯಾಗುವವರೆಗೆ ಯೋಚಿಸಿದರೂ ಯಾವ ಲಾಭವೂ ಹೊಂದಲಿಲ್ಲ.

ಇಂಜಿನಿಯರರಿಗೆ ನೀರಿನ ಮಟ್ಟದ ವಿಷಯ ಮಾತ್ರ ಹೇಳಿದೆ, ರಸ್ತೆ ತಿರುವಿನದು ಹೇಳಲಿಲ್ಲ. ಅವರು ನೇರ ಮನುಷ್ಯ, ಗಡಿಬಿಡಿ ಜಾಸ್ತಿ. ಕೋಡಿಯ ಮೇಲ್ಮಟ್ಟವೇ ಕೆರೆ ತುಂಬಿದ ಮಟ್ಟ, ಎತ್ತರ ತಗ್ಗು ನೋಡುವ ಲೆವೆಲ್ ಯಂತ್ರ ಹಿಡಿದರೆ ಒಂದು ಬೆಳಿಗ್ಗೆಯಲ್ಲಿ ಮುಗಿಯುತ್ತದೆ ಎಂದು ತಾವೇ ಬಂದರು. ಕೋಡಿಯ ಮೇಲೆ ಅಳತೆಯ ಕೋಲು ಇಟ್ಟಾಗಲೇ ಸಮಸ್ಯೆ ಶುರುವಾಯಿತು. ಅಲ್ಲಿನ ಕಲ್ಲುಗಳಲ್ಲಿ ಕೆಲವು ಜಾರಿದ್ದವು, ಕೆಲವು ಕಡೆ ಊರಿನವರು ಒಂದು ಹಾಸು ಕಲ್ಲು ಮೇಲಕ್ಕೆ ಕಟ್ಟಿದ್ದರು. ಅತಿ ಎತ್ತರದ ಕಲ್ಲಿಗೂ ಅತಿ ತಗ್ಗಿನದಕ್ಕೂ ಒಂದು ಗೇಣು ವ್ಯತ್ಯಾಸ. ಆ ಮಟ್ಟವನ್ನು ತೋಟದವರೆಗೆ ಒಯ್ದು ನೋಡಿದರೆ ಅಲ್ಲಿ ನೆಲ ಸಪಾಟು, ಏರಿಕೆ ಕಣ್ಣಿಗೇ ಕಾಣದು. ತಗ್ಗಿನ ಕಲ್ಲು ಹಿಡಿದರೆ ನೀರು ಮೊದಲ ಸಾಲಿಗೆ ನಿಲ್ಲುತ್ತದೆ, ಎತ್ತರದ ಕಲ್ಲು ಹಿಡಿದರೆ ಮೂರನೆಯ ಸಾಲಿಗೆ ಬರುತ್ತದೆ. ಒಂದು ಗೇಣಿನಲ್ಲಿ ನಡುವಿನ ಹನ್ನೆರಡು ಮರ ಅತ್ತಲೂ ಇಲ್ಲ ಇತ್ತಲೂ ಇಲ್ಲ ಎಂದಾದವು.

"ಯಾವುದೋ ಒಂದು ಕಲ್ಲು ಹಿಡಿದು ಒಂದು ಗೆರೆ ಕೊಡ್ರಿ" ಎಂದು ಇಂಜಿನಿಯರರು ಯಂತ್ರ ಮಡಿಸಿದರು. "ಒಳಗೋ ಹೊರಗೋ, ಅಷ್ಟೇ ನನಗೆ ಬೇಕಾಗಿರೋದು. ಮುಂದಿನ ಸಭೇಲಿ ಪಟ್ಟಿ ಅಖೈರು ಮಾಡಬೇಕು."

ಕಚೇರಿಗೆ ಬಂದು ಮೂರನೆಯ ಸಲ ಗೆರೆ ಎಳೆಯಲು ಕೂತೆ. ಮೌಸ್ ಹಿಡಿದ ಕೈ ಮುಂದಕ್ಕೆ ಹೋಗಲಿಲ್ಲ. ಎಲ್ಲಿ ಒತ್ತಿದರೂ ಅದು ನನ್ನ ಇಷ್ಟ, ಕೆರೆಯದಲ್ಲ. ಆ ಹೊತ್ತಿಗೆ ಒಂದು ವಿಷಯ ಹೊಳೆಯಿತು. ನೀರುಗಂಟಿಯೊಬ್ಬನನ್ನೇ ನಂಬುವುದಕ್ಕಾಗುವುದಿಲ್ಲ ಸರಿ. ಆದರೆ ನೀರಿಗೆ ಬಿದ್ದ ಪ್ರತಿ ಕಾಯಿಯನ್ನೂ ಕಳೆದುಕೊಂಡವರು ಒಬ್ಬರಿದ್ದಾರಲ್ಲ, ತೋಟದ ಯಜಮಾನಿ. ಇವನು ನೀರು ಬಂತು ಎಂದರೆ ಆಕೆ ಬರಲಿಲ್ಲ ಎನ್ನಬೇಕು. ಇಬ್ಬರಿಗೂ ಆಗಿಬರುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಅಂಥ ಇಬ್ಬರೂ ಯಾವ ಮರದ ವಿಷಯದಲ್ಲಿ ಒಪ್ಪುತ್ತಾರೋ ಅದನ್ನು ನಾನೂ ನಂಬಬಹುದು. ಒಪ್ಪದ ಜಾಗವೇ ನಿಜವಾಗಿ ಅನಿಶ್ಚಿತ.

ಕಾಗದದ ಮೇಲೆ ಮರಕ್ಕೊಂದರಂತೆ ಇಪ್ಪತ್ನಾಲ್ಕು ಸೊನ್ನೆ ಬರೆದು, ಎರಡು ಪ್ರತಿ ಮಾಡಿಕೊಂಡು ಹೋದೆ. ಮೊದಲು ನೀರುಗಂಟಿಯನ್ನು ತೋಟದ ಬದುವಿನ ಮೇಲೆ ನಿಲ್ಲಿಸಿ ಮರ ಮರಕ್ಕೂ ಕೇಳಿದೆ. ಮಾರನೆಯ ದಿನ ಹೋಗಿ ಅದನ್ನೇ ತಿರುವುಮುರುವು ಮಾಡಿ ಕೇಳಿದೆ, ಸುಳ್ಳಾಡುವವನಾದರೆ ಎಲ್ಲಾದರೂ ಎಡವಲಿ ಎಂದು. ಒಂದೇ ಒಂದು ಮರಕ್ಕೆ ತಡವರಿಸಿದ. ಆ ಮರದ ಕಾಯಿಯನ್ನು ತಾನು ನೀರಲ್ಲಿ ಹಿಡಿದೆನೋ ಕೆಸರಲ್ಲಿ ಹಿಡಿದೆನೋ ನೆನಪಿಲ್ಲ ಎಂದ. ಕೆಸರಿಗೆ ಬಿದ್ದ ಕಾಯಿ ಯಾರದು ಎಂದು ಕೇಳಿದರೆ, ಅದಕ್ಕೇ ಅಲ್ಲವೇ ಜಗಳ ಎಂದು ನಕ್ಕ.

ಯಜಮಾನಿ ಮೊದಲು ಬಾಯಿ ಬಿಡಲಿಲ್ಲ. ನೀರುಗಂಟಿ ಏನೇನು ಹೇಳಿದ್ದಾನೆ ಎಂದು ತಿಳಿದುಕೊಳ್ಳಲು ನೋಡಿದರು, ನಾನು ಹೇಳಲಿಲ್ಲ. ಕೊನೆಗೆ ಕೋಪವೇ ಅವರನ್ನು ಮಾತಾಡಿಸಿತು. ಎರಡನೆಯ ಸಾಲಿನ ಮರವೊಂದನ್ನು ಬಡಿದು, ಇದರ ಕಾಯಿ ಅವನು ಮೂರು ಸಲ ಒಯ್ದಿದ್ದಾನೆ, ಮೂರು ಸಲವೂ ಇಲ್ಲೇ ನಿಂತು ಜಗಳವಾಡಿದ್ದೇನೆ, ಒಂದು ಸಲ ಮಾತ್ರ ನೀರಿತ್ತು, ಇನ್ನೆರಡು ಸಲ ಬರೀ ತೇವ ಎಂದರು. ಹಾಗೆ ಒಂದೊಂದು ಮರದ ಜಗಳವನ್ನೂ ಹೇಳುತ್ತಾ ಹೋದರು. ನಾನು ಬರೆದುಕೊಂಡೆ. ಅಷ್ಟು ಒಳ್ಳೆಯ ದಾಖಲೆ ನನಗೆ ಯಾವ ಕಚೇರಿಯಲ್ಲೂ ಸಿಕ್ಕಿರಲಿಲ್ಲ.

ಎರಡು ಕಾಗದ ಪಕ್ಕಪಕ್ಕ ಇಟ್ಟು ನೋಡಿದೆ. ಕೆರೆಯಿಂದ ದೂರದ ನಾಲ್ಕನೆಯ ಸಾಲಿಗೆ ನೀರು ಎಂದೂ ಬಂದಿಲ್ಲ ಎಂದು ಇಬ್ಬರೂ ಹೇಳಿದ್ದರು. ಮೊದಲ ಸಾಲಿಗೆ ಕೋಡಿ ಹರಿದ ವರ್ಷವೆಲ್ಲ ಬರುತ್ತದೆ ಎಂದು ಅವನು, ಬರುತ್ತದೆ ಆದರೆ ಪಾದ ನೆನೆಯುವಷ್ಟು ಎಂದು ಆಕೆ. ನಡುವಿನ ಎರಡು ಸಾಲು, ಹನ್ನೆರಡು ಮರ, ಪೂರ್ತಿ ಜಗಳ. ಲೆವೆಲ್ ಯಂತ್ರ ತೋರಿಸಿದ ಒಂದು ಗೇಣಿನ ಗೊಂದಲವೂ ಸರಿಯಾಗಿ ಅಲ್ಲೇ ಇತ್ತು. ಯಂತ್ರವೂ ಜಗಳವೂ ಒಂದೇ ಮಾತು ಹೇಳಿದ ಮೇಲೆ ನನ್ನಂಥವನೂ ನಂಬಲೇಬೇಕಾಯಿತು.

ಒಂದು ಗೆರೆಯ ಬದಲು ಎರಡು ಗೆರೆ ಎಳೆದೆ, ಮೊದಲ ಸಾಲಿನ ಹಿಂದೊಂದು, ಮೂರನೆಯ ಸಾಲಿನ ಹಿಂದೊಂದು. ಒಳಗಿನದರೊಳಗೆ ಖಂಡಿತ ಕೆರೆ, ಹೊರಗಿನದರಾಚೆ ಖಂಡಿತ ತೋಟ. ನಡುವಿನ ಪಟ್ಟಿಗೆ ಬೇರೆ ಬಣ್ಣ. ಸಾಫ್ಟ್‌ವೇರಿಗೆ ಗೊತ್ತಿದ್ದದ್ದು ಒಳಗಿದೆ, ಹೊರಗಿದೆ, ತಾಗುತ್ತದೆ ಎಂಬ ಮಾತುಗಳಷ್ಟೇ. ಆ ಪಟ್ಟಿಗೆ ನಾನು ಸೆರಗು ಎಂದು ಹೆಸರು ಕೊಟ್ಟೆ. ಕೋಷ್ಟಕದಲ್ಲಿ ಹೊಸ ಕಾಲಂಗಳನ್ನು ಸೇರಿಸಿದೆ. ಯಾರು ಹೇಳಿದರು, ಯಾವ ವರ್ಷ, ಇಬ್ಬರೂ ಒಪ್ಪಿದರೋ ಇಲ್ಲವೋ. ಇಂಜಿನಿಯರರು ಫೋನಿನಲ್ಲಿ ಕೂಗಾಡಿದರು. ಕೆರೆಯ ವಿಸ್ತೀರ್ಣ ಎಷ್ಟು ಎಂದು ಬರೆಯಲಿ, ಇಷ್ಟರಿಂದ ಇಷ್ಟರವರೆಗೆ ಎಂದು ಬರೆಯಲೇ ಎಂದರು. ಹೌದು ಸಾರ್, ಹಾಗೇ ಬರೆಯಿರಿ ಎಂದೆ. ಅದಕ್ಕೆ ಅವರು ಇದನ್ನು ಸಭೆಯಲ್ಲಿ ನೀವೇ ಎದ್ದು ನಿಂತು ಹೇಳಿ ಎಂದು ಫೋನಿಟ್ಟರು.

ಸಭೆ ಶಾಲೆಯ ಜಗಲಿಯಲ್ಲಿ. ನಕ್ಷೆಯನ್ನು ಗೋಡೆಗೆ ಹಚ್ಚಿದೆ. ಇಂಜಿನಿಯರರು ಬಾಯಿ ತೆರೆಯುವ ಮೊದಲೇ ಗಲಾಟೆ ಶುರುವಾಯಿತು. ಮೊದಲು ಇಪ್ಪತ್ನಾಲ್ಕು ಮರ ಒಳಗೆ ಎಂದಿರಿ, ಈಗ ಬಣ್ಣ ಬಳಿದಿದ್ದೀರಿ, ಅಧ್ಯಕ್ಷರು ಎಷ್ಟು ಕೊಟ್ಟರು ಎಂದು ಒಬ್ಬರು ಕೇಳಿದರು. ಅಧ್ಯಕ್ಷರು ಕುರ್ಚಿಯಲ್ಲಿ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬೆವರಿದ್ದರೋ ಕಣ್ಣು ಒರೆಸಿಕೊಂಡರೋ ನನಗೆ ತಿಳಿಯಲಿಲ್ಲ. ಒಂದು ತಿಂಗಳಿಂದ ಅವರ ಮನೆಗೆ ಯಾರೂ ಹೋಗುತ್ತಿರಲಿಲ್ಲವಂತೆ. ನನ್ನ ಮುಂದೆ ಆಗ ಎರಡು ದಾರಿ ಇದ್ದವು. ಸುಮ್ಮನಿದ್ದರೆ ಗುತ್ತಿಗೆ ಉಳಿಯುತ್ತಿತ್ತು, ಆ ಮನುಷ್ಯ ಸಾಯುವವರೆಗೂ ಮಾಡದ ಕಳ್ಳತನ ಹೊತ್ತು ತಿರುಗುತ್ತಿದ್ದರು. ಹೆದರಿಕೊಂಡೇ ಎದ್ದೆ. ಮೊದಲ ಗೆರೆ ತಪ್ಪಿದ್ದು ನನ್ನಿಂದ ಎಂದೆ. ಕಲ್ಲನ್ನು ಬಿಟ್ಟು ತಿರುವನ್ನು ನಂಬಿದ್ದು, ರಸ್ತೆ ಬದಲಾದದ್ದನ್ನು ಕೇಳದೆ ಹೋದದ್ದು, ಒಂದೊಂದನ್ನೂ ಹೇಳಿದೆ. ಅಧ್ಯಕ್ಷರಿಗೂ ಅದಕ್ಕೂ ಸಂಬಂಧವಿಲ್ಲ, ಕಲ್ಲನ್ನು ಅವರೇ ಕದಲಿಸಿದ್ದಾರೆ ಎಂದು ನಾನೂ ಅನುಮಾನಪಟ್ಟಿದ್ದೆ, ಅದೂ ತಪ್ಪು ಎಂದೆ.

ಇಂಜಿನಿಯರರ ಮುಖ ಕೆಂಪಗಾಯಿತು. ಮಾತಾಡಿದ್ದು ಮಾತ್ರ ತೋಟದ ಯಜಮಾನಿ.

"ಅಲ್ಲ ಕಣಪ್ಪ" ಎಂದರು ನನ್ನನ್ನು ನೋಡಿ. "ಒಂದ್ ತಿಂಗ್ಳು ದಿನಾ ಬೆಳಗೆದ್ದು ಅವ್ರ ಮನೆ ಹಾಳಾಗ್ಲಿ ಅಂತ ಶಾಪ ಹಾಕಿವ್ನಿ. ಆ ಪಾಪ ಈಗ ಯಾರ್ ತಲೆ ಮೇಲೆ ಹಾಕ್ಲಿ, ನೀನೇ ಹೇಳು."

ಅಷ್ಟರಲ್ಲಿ ಸಭೆಯ ಗಾಳಿ ತಿರುಗಿತ್ತು. ತಪ್ಪು ನಕ್ಷೆಯವನದು ಎಂದಮೇಲೆ ನಕ್ಷೆ ಹರಿದು ಬಿಸಾಕಿ, ಇಪ್ಪತ್ನಾಲ್ಕು ಮರವೂ ಅವರದೇ ಎಂದು ಬರೆಯಿರಿ ಎಂದು ನಾಲ್ಕು ಕಡೆಯಿಂದ ಕೂಗು. ಅಧ್ಯಕ್ಷರೂ ಎದ್ದು, ಹೋಗಲಿ, ಹಾಗೇ ಮಾಡಿ, ಹೆಂಗಸಿನ ತೋಟ ಎಂದರು. ಇಂಜಿನಿಯರರಿಗೂ ಒಂದು ಗೆರೆ ಸಿಕ್ಕಿದರೆ ಸಾಕಾಗಿತ್ತು, ಪೆನ್ನು ತೆಗೆದೇಬಿಟ್ಟರು. ಆಕೆ ಸುಮ್ಮನೆ ಕೂತಿದ್ದರೆ ಎಲ್ಲ ಮರವೂ ಉಳಿಯುತ್ತಿತ್ತು.

ಆಕೆ ಸುಮ್ಮನಿರಲಿಲ್ಲ. ಜಗಲಿಯ ಕಂಬದ ಹತ್ತಿರ ಕುಕ್ಕರುಗಾಲಿನಲ್ಲಿ ಕೂತಿದ್ದ ನೀರುಗಂಟಿಯ ಕಡೆಗೊಮ್ಮೆ ನೋಡಿದರು. ಅವನು ತಲೆ ಎತ್ತಲಿಲ್ಲ.

"ಮುಂದಿನ ಸಾಲು ಕೆರೇದೇ ಕಣ್ರೀ" ಎಂದರು. "ನಮ್ಮೆಜಮಾನ್ರು ಮಳೆ ಇಲ್ದ ವರ್ಷ ನೋಡಿ ನೆಟ್ಟಿದ್ದು. ನೀರು ಮೊಣಕಾಲಿಗೆ ಬತ್ತದೆ, ಪಾದಕ್ಕಲ್ಲ. ಅವ್ನು ಹೇಳಿದ್ದು ನಿಜ. ಬರ್ಕೊಳ್ರಿ."

ಇಂಜಿನಿಯರರು ನನ್ನ ನಕ್ಷೆಯ ಕಡೆ ತಿರುಗಿ ಒಳಗಿನ ಗೆರೆಯನ್ನೇ ಹಿಡಿದು ಬರೆದರು. ಮುಂದಿನ ಸಾಲಿನ ಆರು ಮರ ಕೆರೆಯದು. ನಾಲ್ಕನೆಯ ಸಾಲಿನ ಆರು ಮರ ತೋಟದ್ದು. ನಡುವಿನ ಹನ್ನೆರಡರ ಮುಂದೆ ಅವರ ಪೆನ್ನು ನಿಂತಿತು. ಏನು ಬರೆಯಲಿ ಎಂದು ಕೇಳಿದರು. ಸೆರಗು, ನಿರ್ಧಾರವಾಗಿಲ್ಲ ಎಂದು ಬರೆಯಿರಿ ಸಾರ್ ಎಂದೆ. ನಿರ್ಧಾರವಾಗದ್ದನ್ನು ಕಡಿಸುವಂತಿಲ್ಲವಲ್ಲ ಎಂದು ಗೊಣಗಿಕೊಂಡೇ ಬರೆದರು. ಮುಂದಿನ ವರ್ಷ ನಮ್ಮ ಕಚೇರಿಗೆ ಆ ಗುತ್ತಿಗೆ ಸಿಗಲಿಲ್ಲ, ಅದು ಆಶ್ಚರ್ಯವೂ ಅಲ್ಲ.

ತಿಪಟೂರಿಗೆ ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಮಾಡಿದ್ದು ಅದನ್ನೇ, ಅನುಮಾನ. ಈ ಹೆಂಗಸು ಆರು ಮರ ಬಿಟ್ಟುಕೊಟ್ಟದ್ದರಲ್ಲಿ ಏನು ಲಾಭವಿದೆ ಎಂದು ಹುಡುಕಿದೆ. ಪರಿಹಾರ ಬರುತ್ತದೆಯೇ? ಇಲ್ಲ. ಅಧ್ಯಕ್ಷರ ಜೊತೆ ರಾಜಿಯೇ? ಎಲ್ಲ ಮರವೂ ಆಕೆಯದೇ ಇರಲಿ ಎಂದು ಅವರೇ ಹೇಳಿದ ಮೇಲೆ ರಾಜಿ ಎಲ್ಲಿಯದು. ಬಸ್ಸು ಊರು ಮುಟ್ಟುವವರೆಗೂ ಹುಡುಕಿದೆ, ಏನೂ ಸಿಗಲಿಲ್ಲ. ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮರ ಕಡಿದ ಮೇಲೆ ಬುಡಗಳ ಜಾಗ ಗುರುತಿಸಿ ನಕ್ಷೆ ಮುಗಿಸಿ ಕೊಡಬೇಕಿತ್ತು. ಹೋದಾಗ ಆರು ಬುಡಗಳೂ ಬೆಳ್ಳಗೆ ಕಾಣುತ್ತಿದ್ದವು. ನಾನು ಯಂತ್ರ ಹಿಡಿದು ಒಂದೊಂದರ ಮೇಲೂ ನಿಂತೆ. ಮೇಲೆ ಗರಿಗಳ ನೆರಳಿಲ್ಲದ್ದರಿಂದ ಅವತ್ತು ಸಿಗ್ನಲ್ಲು ಚೆನ್ನಾಗಿ ಸಿಕ್ಕಿತು. ಯಜಮಾನಿ ಎರಡನೆಯ ಸಾಲಿನ ಮರವೊಂದಕ್ಕೆ ಒರಗಿ ನೋಡುತ್ತಿದ್ದರು. ಮುಗಿಸಿ ಹೊರಟಾಗ ಕರೆದರು.

"ಈ ನಡೂ ಸಾಲಿನ ಮರಾನ ಕಂಪ್ಯೂಟರ್‌ನಲ್ಲಿ ಏನಂತ ಬರ್ದಿದೀಯಪ್ಪ?"

"ನಿರ್ಧಾರವಾಗಿಲ್ಲ ಅಂತ ಬರೆದಿದೀನಿ ತಾಯಿ. ನೀರು ಬರುತ್ತೋ ಇಲ್ವೋ ಗೊತ್ತಾದಾಗ ಯಾರಾದ್ರೂ ಬಂದು ಸರಿ ಮಾಡ್ತಾರೆ."

ಆಕೆ ಕಡಿದ ಬುಡಗಳ ಕಡೆ ಒಮ್ಮೆ ನೋಡಿ, ಒರಗಿದ್ದ ಮರವನ್ನು ಅಂಗೈಯಿಂದ ಒತ್ತಿ ಹಿಡಿದರು.

"ಹಂಗೇ ಇರ್ಲಿ ಬುಡು" ಎಂದರು. "ಸರಿ ಮಾಡಾಕೆ ಯಾರ್ನೂ ಕಳುಸ್ಬ್ಯಾಡ."